ಐಸಿ ಬದಲಿಸುವ ಮುನ್ನ

ಹೆಡ್‌ಫೋನ್ ಆಂಪ್ಲಿಫೈಯರ್ ಕಿಟ್ ಕೊಂಡ ದಿನಕ್ಕೇ ಅದರ ಖರ್ಚು ಮುಗಿಯುವುದಿಲ್ಲ. ಜೋಡಿಸಿದ ಮೇಲೆ ಅದು ಸರಿಯಾಗಿ ಹಾಡದಿದ್ದರೆ ಆಗ ನಿಜವಾದ ಖರ್ಚು ಶುರು. ಎಲ್ಲಿ ಕೆಟ್ಟಿದೆ ಎಂದು ತಿಳಿಯದೆ ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋದರೆ ಕಿಟ್‌ನ ಬೆಲೆಯಷ್ಟೇ ದುಡ್ಡು ಮತ್ತೊಮ್ಮೆ ಕೈಬಿಡುತ್ತದೆ.

ನಾನು ಮೊದಲು ಜೋಡಿಸಿದ್ದು ಸಿಮೋಯ್ ಮಾದರಿಯ ಕಿಟ್. ಚು ಮೋಯ್ ಎಂಬವರು ರೂಪಿಸಿದ ಈ ಸರ್ಕ್ಯೂಟ್‌ಗೆ 9 ವೋಲ್ಟ್‌ನ ಒಂದೇ ಬ್ಯಾಟರಿ ಸಾಕು. ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಹಿಡಿಯುವಷ್ಟು ಪುಟ್ಟದು. ಕಿಟ್‌ಗೆ ಸುಮಾರು 900 ರೂಪಾಯಿ ಆಯಿತು. ಬೆಸುಗೆ ಮುಗಿಸಿ ಹಾಡು ಹಾಕಿದರೆ ಎಡಗಿವಿಗೆ ತುಂಬು ಸದ್ದು, ಬಲಗಿವಿಗೆ ಪಕ್ಕದ ಬೀದಿಯ ರೇಡಿಯೋ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೇಳಿದೆ. "ಐಸಿ ಹೋಗಿರತ್ತೆ ಸಾರ್, ಒರಿಜಿನಲ್ ಹಾಕಿ" ಎಂದರು. ಅಸಲಿ ಓಪಿಎ2134 ಐಸಿಗೆ ಕೆಲವು ನೂರು ರೂಪಾಯಿ ಬೀಳುತ್ತದೆ. ನಾನು ಕೊಳ್ಳಲಿಲ್ಲ. ಈ ಐಸಿಯೊಳಗೆ ಎರಡು ಆಂಪ್ಲಿಫೈಯರ್‌ಗಳಿವೆ, ಎಡಕ್ಕೊಂದು ಬಲಕ್ಕೊಂದು, ಎರಡಕ್ಕೂ ವಿದ್ಯುತ್ ಒಂದೇ. ಒಂದು ಕಡೆ ಚೆನ್ನಾಗಿ ನಡೆಯುತ್ತಿದೆ ಎಂದರೆ ಬ್ಯಾಟರಿಯೂ ವಿದ್ಯುತ್ ಹಂಚುವ ಭಾಗವೂ ಸರಿಯಾಗಿವೆ ಎಂದೇ ಅರ್ಥ. ಸ್ಟೀರಿಯೋ ಕಿಟ್‌ನ ದೊಡ್ಡ ಅನುಕೂಲ ಇದು: ಕೆಟ್ಟ ಬದಿಯನ್ನು ಹೋಲಿಸಿ ನೋಡಲು ಒಳ್ಳೆಯ ಬದಿ ಪಕ್ಕದಲ್ಲೇ ಇರುತ್ತದೆ, ಬಿಟ್ಟಿಯಾಗಿ.

ಮೊದಲ ಪರೀಕ್ಷೆಗಳಿಗೆ ದುಡ್ಡೇ ಬೇಡ. ಬೇರೊಂದು ಹೆಡ್‌ಫೋನ್ ಸಿಕ್ಕಿಸಿ ಕೇಳಿದೆ. ದೋಷ ಬಲಗಿವಿಯಲ್ಲೇ ಉಳಿಯಿತು, ಅಂದರೆ ಹೆಡ್‌ಫೋನಿನ ತಪ್ಪಲ್ಲ. ಒಳಬರುವ ಎರಡು ವೈರುಗಳನ್ನು ಅದಲುಬದಲು ಮಾಡಿದೆ; ಬಲಗಡೆಯೇ ಕುಗ್ಗಿತ್ತು, ಅಂದರೆ ಫೋನಿನದೂ ಅಲ್ಲ. ಉಳಿದದ್ದು ಬೋರ್ಡಿನ ಬಲ ಅರ್ಧ ಮಾತ್ರ. ಭೂತಗನ್ನಡಿ ಹಿಡಿದು ಬೆಸುಗೆ ನೋಡಿದೆ. ಮಂಕಾದ, ಗುಂಡಗೆ ನಿಂತ ಬಿಂದು ಯಾವುದೂ ಕಾಣಲಿಲ್ಲ.

ಆಮೇಲೆ ಮಲ್ಟಿಮೀಟರ್. ಬ್ಯಾಟರಿ ತೆಗೆದು, ಎಡಗಡೆಯ ಪ್ರತಿ ರೆಸಿಸ್ಟರಿನ ಅಳತೆಯನ್ನು ಬಲಗಡೆಯ ಜೋಡಿಯ ಜೊತೆ ಹೋಲಿಸುತ್ತ ಬಂದೆ. ಬೋರ್ಡಿನಲ್ಲಿ ಕೂತ ರೆಸಿಸ್ಟರಿನ ಅಂಕಿ ನಿಖರವಾಗಿ ಬಾರದು, ಆದರೆ ಎರಡೂ ಕಡೆ ಸರಿಸುಮಾರು ಒಂದೇ ಬರಬೇಕು. ಒಂದು ಜೋಡಿಯಲ್ಲಿ ಬರಲಿಲ್ಲ. 1 ಕಿಲೋಓಮ್ ಎಂದು ಚೀಟಿ ಅಂಟಿಸಿದ್ದ ಪೊಟ್ಟಣದಲ್ಲೇ 10 ಕಿಲೋಓಮಿನದೊಂದು ಸೇರಿತ್ತು. ನೀಲಿ ಮೈಯ ಈ ರೆಸಿಸ್ಟರುಗಳಲ್ಲಿ ಒಂದರದು ಕಂದು-ಕಪ್ಪು-ಕಪ್ಪು-ಕಂದು, ಇನ್ನೊಂದರದು ಕಂದು-ಕಪ್ಪು-ಕಪ್ಪು-ಕೆಂಪು. ನೀಲಿಯ ಮೇಲೆ ಕಂದು ಯಾವುದು, ಕೆಂಪು ಯಾವುದು ಎಂದು ಬಲ್ಲವರಿಗೂ ಹೇಳುವುದು ಕಷ್ಟ. ಆ ಒಂದು ಪಟ್ಟೆಯಿಂದ 11 ಪಟ್ಟು ಹಿಗ್ಗಬೇಕಿದ್ದ ಸದ್ದು 2 ಪಟ್ಟಿಗೇ ನಿಂತಿತ್ತು. ಹೊಸ ರೆಸಿಸ್ಟರಿಗೆ ಒಂದೆರಡು ರೂಪಾಯಿ. ಹೊಸ ಐಸಿ ಹಾಕಿದ್ದರೂ ಬಲಗಿವಿ ಹಾಗೇ ಇರುತ್ತಿತ್ತು.

ಮಾರಿದವರಿಗೆ ತಿಳಿಸಿದಾಗ, ಬೆಸುಗೆ ಬಿದ್ದ ಕಿಟ್ ವಾಪಸ್ ಇಲ್ಲ ಎಂದರು.

ಹಾಗಾಗಿ ಕಿಟ್‌ಗೆ ಹಣ ತೆಗೆದಿಡುವಾಗ ಇನ್ನೆರಡು ಬಾಬ್ತು ಸೇರಿಸಿ. 300 ರೂಪಾಯಿಯ ಆಸುಪಾಸಿನ ಒಂದು ಮಲ್ಟಿಮೀಟರ್, ಹಾಳಾದರೂ ಚಿಂತೆಯಿಲ್ಲದ ಒಂದು ಅಗ್ಗದ ಇಯರ್‌ಫೋನ್. ಎರಡನೆಯದು ಅನಗತ್ಯ ಅನಿಸಬಹುದು, ಅಲ್ಲ. ಆಂಪ್ಲಿಫೈಯರಿನ ಔಟ್‌ಪುಟ್‌ನಲ್ಲಿ ಡಿಸಿ ಕೆಲವು ಮಿಲಿವೋಲ್ಟ್ ಇದ್ದರೆ ಪರವಾಗಿಲ್ಲ. ವೋಲ್ಟ್‌ಗಟ್ಟಲೆ ಬಂದರೆ ಹೆಡ್‌ಫೋನಿನ ಸುರುಳಿಯೇ ಸುಟ್ಟುಹೋಗುತ್ತದೆ. ಮೊದಲು ಮೀಟರಿನಲ್ಲಿ ಅಳೆದು, ಅಗ್ಗದ್ದರಲ್ಲಿ ಕೇಳಿ, ಆಮೇಲೆ ಸಾವಿರಾರು ರೂಪಾಯಿಯದನ್ನು ಸಿಕ್ಕಿಸಿ.

ದುಡ್ಡು ಉಳಿಸಲೆಂದೇ ಆಂಪ್ಲಿಫೈಯರ್ ಜೋಡಿಸಬೇಡಿ, ಉಳಿಯುವುದಿಲ್ಲ. ಮಾಮೂಲಿ 32 ಓಮ್‌ನ ಇಯರ್‌ಫೋನಿಗೆ ಫೋನೇ ಸಾಕು. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600ರಂಥವುಗಳಿಗೆ ಆಂಪ್ಲಿಫೈಯರ್ ಇದ್ದರೆ ಒಳ್ಳೆಯದು. ಕಲಿಯುವ ಆಸೆಯಿದ್ದರೆ ಮಾತ್ರ ಧಾರಾಳವಾಗಿ ತರಿಸಿ. ಪಾರ್ಸೆಲ್ ಬಂದ ದಿನವೇ, ಬೆಸುಗೆ ಕಡ್ಡಿ ಬಿಸಿ ಮಾಡುವ ಮುಂಚೆ, ಪ್ರತಿ ರೆಸಿಸ್ಟರನ್ನೂ ಮೀಟರಿಗೆ ಹಿಡಿದು ನೋಡಿ. ಆ ದಿನ ಕಿಟ್ ವಾಪಸ್ ಮಾಡುವ ಅವಕಾಶ ಇನ್ನೂ ನಿಮ್ಮ ಕೈಯಲ್ಲಿರುತ್ತದೆ.