ಹಳೆಯ ಲಿಫ್ಟ್ ತಂದ ವರ್ಷ

"ನಮ್ಮ ಡಬಲ್ ಚೇರ್‌ಲಿಫ್ಟ್ ಬಿಚ್ಚಿ ಹಾಕ್ತಿದ್ದೀವಿ. ಬೇಕಿದ್ರೆ ಒಯ್ಯಿರಿ, ದುಡ್ಡೇನೂ ಬೇಡ" ಎಂದು ದೊಡ್ಡ ರೆಸಾರ್ಟೊಂದರಿಂದ ಫೋನ್ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ವರ್ಮಾಂಟಿನ ನಮ್ಮ ಪುಟ್ಟ ಸ್ಕೀ ಗುಡ್ಡವನ್ನು ನಡೆಸುವವರು ಊರಿನವರೇ. ನಾನು ಮೆಕ್ಯಾನಿಕಲ್ ಎಂಜಿನಿಯರ್ ಎಂಬ ಕಾರಣಕ್ಕೆ ಯಂತ್ರಗಳ ಹೊಣೆ ನನ್ನ ಹೆಗಲಿಗೆ ಬಿದ್ದಿತ್ತು. ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ಕೈಯಲ್ಲಿ ಹಿಡಿದು ಮೇಲೇರುವ ಹಗ್ಗ. 1934ರಲ್ಲಿ ಇದೇ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಫೋರ್ಡ್ ಮಾಡೆಲ್ ಟಿ ಎಂಜಿನ್ನಿನಿಂದ ಓಡಿಸಿದರಲ್ಲ, ಅದೇ ಜಾತಿಯದು. ಚಿಕ್ಕ ಮಕ್ಕಳು ನಾಲ್ಕು ಸಲ ಏರುವಷ್ಟರಲ್ಲಿ ತೋಳು ಸೋತು ಅಳುತ್ತಿದ್ದವು.

ಬಳಸಿದ ಲಿಫ್ಟ್ ತರುವುದು ಹೊಸ ಸಂಗತಿಯಲ್ಲ. ಜಗತ್ತಿನ ಮೊದಲ ಚೇರ್‌ಲಿಫ್ಟ್‌ಗಳು 1936ರಲ್ಲಿ ಇಡಾಹೋದ ಸನ್ ವ್ಯಾಲಿಯಲ್ಲಿ ಓಡಿದವು. ಅವುಗಳಲ್ಲೊಂದು ಮುಂದೆ ಮಿಷಿಗನ್ನಿನ ಬಾಯ್ನ್ ಮೌಂಟನ್‌ಗೆ ಹೋಗಿ ಅಲ್ಲಿ ದಶಕಗಳ ಕಾಲ ದುಡಿಯಿತು. 1981ರಲ್ಲಿ ಕೊಲರಾಡೋದ ಬ್ರೆಕೆನ್ರಿಜ್‌ಗೆ ವೇಗದ ನಾಲ್ಕಾಸನದ ಲಿಫ್ಟ್ ಬಂದ ಮೇಲೆ ದೊಡ್ಡ ಗುಡ್ಡಗಳೆಲ್ಲ ಅದರ ಹಿಂದೆ ಬಿದ್ದವು. ಅವು ಕೆಳಗಿಳಿಸಿದ ಎರಡಾಸನದ ಲಿಫ್ಟ್‌ಗಳಿಂದಲೇ ಎಷ್ಟೋ ಸಣ್ಣ ಗುಡ್ಡಗಳು ಉಸಿರಾಡುತ್ತಿವೆ. ಆರು ಸೆಕೆಂಡಿಗೊಂದು ಕುರ್ಚಿ ಬಂದರೆ ಗಂಟೆಗೆ 1,200 ಜನ ಮೇಲೇರಬಹುದು. ನಮಗೆ ಅಷ್ಟು ಬೇಕಾದಷ್ಟಾಯಿತು.

ಪುಕ್ಕಟೆ ಸಿಕ್ಕಿದ್ದು ಕಬ್ಬಿಣ ಮಾತ್ರ. ಕಾಂಕ್ರೀಟ್ ಅಡಿಪಾಯ ಹಳೆಯ ಗುಡ್ಡದಲ್ಲೇ ಉಳಿಯಿತು. ಲಿಫ್ಟ್ ಎಂದರೆ ಒಂದು ಇಳಿಜಾರಿನ ಅಳತೆಗೆ ಹೊಲಿದ ಅಂಗಿ; ಗುಡ್ಡ ಬದಲಾದರೆ ಕಂಬಗಳ ಎತ್ತರ, ಗಾಲಿಗಳ ಸಂಖ್ಯೆ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ದಿಬ್ಬದ ಕಂಬದಲ್ಲಿ ಗಾಲಿಗಳು ಹಗ್ಗವನ್ನು ಹೊರುತ್ತವೆ. ತಗ್ಗಿನ ಕಂಬದಲ್ಲಿ ಹಗ್ಗ ಮೇಲಕ್ಕೆ ಸೆಟೆಯುವುದರಿಂದ ಅದನ್ನು ಒತ್ತಿ ಹಿಡಿಯಬೇಕು. ಹೊಸ ಉಕ್ಕಿನ ಹಗ್ಗ, ಹೊಸ ವಿದ್ಯುತ್ ನಿಯಂತ್ರಣ ಫಲಕ, ಕ್ರೇನ್ ಬಾಡಿಗೆ... ಮೂರು ವರ್ಷ ಚಂದಾ ಎತ್ತಿದೆವು.

ನನ್ನ ಕೈಯಿಂದಲೇ ಒಂದು ತಪ್ಪಾಯಿತು. ಬಿಚ್ಚುವಾಗ ಯಾವ ಗಾಲಿಸಾಲು ಯಾವ ಕಂಬದ್ದು ಎಂದು ಸೀಮೆಸುಣ್ಣದಲ್ಲಿ ಬರೆದು ಬಯಲಿನಲ್ಲಿ ಸಾಲಾಗಿ ಇಟ್ಟೆ. ಒಂದು ಚಳಿಗಾಲ ಕಳೆದು ಹಿಮ ಕರಗಿದಾಗ ಅಕ್ಷರವೂ ಕರಗಿ ಹೋಗಿತ್ತು. ತಗಡಿನ ಬಿಲ್ಲೆಗೆ ನಂಬರು ಕೊರೆದು ತಂತಿಯಲ್ಲಿ ಕಟ್ಟಿದ್ದರೆ ಒಂದು ದಿನದ ಕೆಲಸ. ಅದನ್ನು ಮಾಡದ್ದಕ್ಕೆ ಎರಡು ತಿಂಗಳು ಕ್ಯಾಲಿಪರ್ ಹಿಡಿದು ಕೂತೆ.

ಕುರ್ಚಿಯನ್ನು ಹಗ್ಗಕ್ಕೆ ಕಚ್ಚಿಸುವ ಗ್ರಿಪ್‌ಗಳ ಪರೀಕ್ಷೆಯನ್ನಂತೂ ನಾನು ಮರೆಯಲಾರೆ. ಶೆಡ್ಡಿನ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದೆವು. ಪರೀಕ್ಷೆಗೆ ಬಂದಾಕೆ ಒಂದೊಂದೇ ಗ್ರಿಪ್ಪನ್ನು ಕಾಂತೀಯಗೊಳಿಸಿ, ಕಬ್ಬಿಣದ ಪುಡಿ ಬೆರೆಸಿದ ದ್ರವ ಸುರಿದು, ನೇರಳಾತೀತ ದೀಪ ಹಿಡಿಯುತ್ತಿದ್ದರು. ಒಂದು, ಎರಡು, ಹತ್ತು, ಎಲ್ಲವೂ ಕಪ್ಪು. ಆಮೇಲೊಂದರ ಬಾಗಿನಲ್ಲಿ ಕೂದಲೆಳೆಯಷ್ಟು ಹಸಿರು ಗೆರೆ ಹೊಳೆಯಿತು: ಬಿರುಕು. ಬಿಸಿಲಿಗೆ ತಂದು ನೋಡಿದರೆ ಏನೂ ಇಲ್ಲ, ಉಗುರಿನಿಂದ ಸವರಿದರೂ ತಾಗದು. ಅಂಥವು ನಾಲ್ಕು ಸಿಕ್ಕವು. ಅಂಥ ಗ್ರಿಪ್ಪಿನ ಕೆಳಗೆ ನನ್ನ ಮಗಳು ಕೂರುವವಳಿದ್ದಳು. ಪರೀಕ್ಷೆಯ ಖರ್ಚು ಉಳಿಸೋಣ ಎಂದವರು ಆಮೇಲೆ ಸುಮ್ಮನಾದರು.

ಹೋದ ನಾಲ್ಕು ಗ್ರಿಪ್‌ಗಳಿಗೆ ಬದಲಿ ಎಲ್ಲಿಂದ? ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ನೂರಾರು ಲಿಫ್ಟ್ ಕಟ್ಟಿದ ಸ್ಪೋಕೇನ್‌ನ ರಿಬ್ಲೆಟ್ ಕೂಡ 2003ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಸಣ್ಣ ಗುಡ್ಡದವರು ಒಬ್ಬರಿಗೊಬ್ಬರು ಫೋನ್ ಮಾಡಿಯೇ ಬದುಕಬೇಕು. ನಮಗೆ ನಾಲ್ಕೂ ಸಿಕ್ಕಿದ್ದು ಮೈನ್ ರಾಜ್ಯದ ಒಂದು ಗುಡ್ಡದ ಕೊಟ್ಟಿಗೆಯಲ್ಲಿ. ಅವರು ಸಾಗಣೆ ಖರ್ಚಿನ ಹೊರತು ಬಿಡಿಗಾಸೂ ತೆಗೆದುಕೊಳ್ಳಲಿಲ್ಲ. ಅವನ್ನೂ ಅದೇ ಕತ್ತಲಕೋಣೆಗೆ ಹಾಕಿದೆವು.

ನಿಜವಾದ ನಷ್ಟ ಕಾಗದದ್ದು. ನಿರ್ವಹಣೆಯ ಕಡತ ಕೇಳಿದರೆ ರೆಸಾರ್ಟಿನವರು ಕಚೇರಿ ಬದಲಿಸುವಾಗ ಎಸೆದುಬಿಟ್ಟೆವು ಎಂದರು. ಯಾವ ಬೇರಿಂಗ್ ಯಾವಾಗ ಬದಲಾಯಿತು, ಗೇರ್‌ಬಾಕ್ಸ್ ಎಂದು ಬಿಚ್ಚಿದ್ದರು, ಯಾವುದೂ ಗೊತ್ತಿಲ್ಲ. ಆಗ ಯಾರೋ, ಆ ಲಿಫ್ಟನ್ನು ಇಪ್ಪತ್ತು ವರ್ಷ ನೋಡಿಕೊಂಡ ಮೆಕ್ಯಾನಿಕ್ ಪಕ್ಕದ ಊರಲ್ಲೇ ಇದ್ದಾರೆ ಎಂದರು. ಹೋದೆ. ಅವರು ಅಡುಗೆಮನೆಯ ಡ್ರಾಯರಿನಿಂದ ಗ್ರೀಸ್ ಹತ್ತಿದ ಎರಡು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಎಲ್ಲವೂ ಅದರಲ್ಲಿತ್ತು, ದಿನಾಂಕ ಸಮೇತ. ನಾನು ಮೂರು ವರ್ಷ ಮೊದಲೇ ಆ ಮನೆಯ ಬಾಗಿಲು ತಟ್ಟಬೇಕಿತ್ತು.

ಭಾರ ಪರೀಕ್ಷೆಯ ದಿನ ಅವರೂ ಬಂದರು. ನೀರು ತುಂಬಿದ ಡ್ರಮ್ಮುಗಳನ್ನು ಕುರ್ಚಿಗಳಿಗೆ ಬಿಗಿದು ಮೇಲೇರಿಸಿ, ನಡುವೆ ನಿಲ್ಲಿಸಿದೆವು. ಹಗ್ಗ ಒಂದೆರಡು ಸಲ ತೂಗಿತು, ಹಿಂದಕ್ಕೆ ಜಾರಲಿಲ್ಲ. ಅವರು ಗೇರ್‌ಬಾಕ್ಸಿನ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದರು.

ಕಳೆದ ತಿಂಗಳು ನ್ಯೂ ಹ್ಯಾಂಪ್‌ಶೈರಿನ ಸಣ್ಣ ಗುಡ್ಡವೊಂದರಿಂದ ಫೋನ್ ಬಂತು. ಅವರಿಗೂ ಒಂದು ಲಿಫ್ಟ್ ಪುಕ್ಕಟೆ ಸಿಗುವುದರಲ್ಲಿದೆ. ಕುರ್ಚಿಗಳ ಫೋಟೊ ಕಳಿಸಲೇ ಎಂದು ಕೇಳಿದರು. ಅದಕ್ಕೆ ಗ್ರೀಸ್ ಹಾಕುತ್ತಿದ್ದವರ ಹೆಸರು ಮೊದಲು ಹುಡುಕಿ, ನಾನೂ ಜೊತೆಗೆ ಬರುತ್ತೇನೆ ಎಂದೆ.