ಮಗಳಿಗೆ ಸೂಜಿ, ಅಮ್ಮನ ಸಹಿ

ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಿದ್ದೀರಿ. ದಡಾರದ ಸೂಜಿ ಹಾಕಿಸಿದ್ದೀರಿ. ಅವೆಲ್ಲ ಎಳೆ ಮಕ್ಕಳಿಗೆ. ಬೆಳೆಯುವ ಹುಡುಗಿಯರಿಗೂ ಒಂದು ಸೂಜಿ ಇದೆ. ಅದರ ಹೆಸರು ಎಚ್.ಪಿ.ವಿ. ಲಸಿಕೆ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರನ್ನು ಅದು ತಡೆಯುತ್ತದೆ.

ಗರ್ಭಕೋಶ ಒಂದು ಚೀಲದ ಹಾಗಿದೆ. ಚೀಲಕ್ಕೆ ಬಾಯಿ ಇರುವಂತೆ ಅದಕ್ಕೂ ಕೆಳಗಡೆ ಬಾಯಿ ಇದೆ. ಮುಟ್ಟಿನ ರಕ್ತ ಬರೋದು ಅಲ್ಲಿಂದ. ಹೆರಿಗೆಯಲ್ಲಿ ಮಗು ಬರೋದೂ ಅಲ್ಲಿಂದ. ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಈ ಜಾಗದ ಕ್ಯಾನ್ಸರ್ ಎರಡನೆಯದು. 2022ರ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಇದು ಬಂತು ಎಂದು ಅಂದಾಜು. ಸುಮಾರು 80 ಸಾವಿರ ಮಂದಿ ಸತ್ತರು.

ಈ ರೋಗಕ್ಕೆ ಕಾರಣ ಎಚ್.ಪಿ.ವಿ. ಎಂಬ ವೈರಸ್. ಗಂಡು ಹೆಣ್ಣು ಕೂಡಿದಾಗ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಇದು ಕೆಟ್ಟವರಿಗೆ ಬರೋ ರೋಗ ಅಂತ ಯಾರಾದರೂ ಅಂದರೆ ನಂಬಬೇಡಿ. ಒಬ್ಬನೇ ಗಂಡನ ಜೊತೆ ಬಾಳಿದವಳಿಗೂ ಬರುತ್ತದೆ. ಬಹಳ ಜನರಲ್ಲಿ ಒಂದೆರಡು ವರ್ಷಕ್ಕೆ ಆ ವೈರಸ್ ತಾನೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಉಳಿದದ್ದು 15-20 ವರ್ಷ ಕಳೆದ ಮೇಲೆ ಕ್ಯಾನ್ಸರ್ ಆಗಬಹುದು.

ಅದಕ್ಕೇ ಸೂಜಿಯನ್ನು 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯದು. ದನ ನುಗ್ಗಿದ ಮೇಲೆ ಹೊಲಕ್ಕೆ ಬೇಲಿ ಹಾಕಿ ಏನು ಬಂತು?

ಈ ಮಾತು ಎತ್ತಿದರೆ ಸಂಘದಲ್ಲಿ ಹೆಂಗಸರು ಸುಮ್ಮನೆ ಕೂರೋದಿಲ್ಲ. ಕೇಳ್ತಾರೆ. ಕೇಳಲೇಬೇಕು.

“ಮುಂದೆ ಬಸಿರು ನಿಲ್ಲದೇ ಹೋದರೆ ಏನವ್ವ ಗತಿ?”

ಹಾಗೆ ಆಗೋದಿಲ್ಲ. ಈ ಸೂಜಿಯಲ್ಲಿ ಜೀವ ಇರುವ ವೈರಸ್ ಇಲ್ಲ. ಅದರ ಹೊರಗಿನ ಸಿಪ್ಪೆಯಂಥದ್ದು ಮಾತ್ರ ಇದೆ. ಜೊಳ್ಳು ಬಿತ್ತಿದರೆ ಪೈರು ಬರುತ್ತಾ? ಇದೂ ಹಾಗೇ.

“ಸೂಜಿ ಹಾಕಿಸಿದರೆ ಹುಡುಗಿ ದಾರಿ ತಪ್ಪುತ್ತಾಳೆ ಅಂತಾರಲ್ಲ?”

ಧನುರ್ವಾಯು ಸೂಜಿ ಹಾಕಿಸಿಕೊಂಡವರು ಬೇಕು ಅಂತ ಮೊಳೆ ತುಳಿತಾರಾ?

“ಆಂಧ್ರದಲ್ಲಿ ಹುಡುಗಿಯರು ಸತ್ತರಂತೆ?”

ಈ ಕಥೆಯನ್ನು ಪೂರ್ತಿ ತಿಳಿಯಬೇಕು. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾ ಜಿಲ್ಲೆಯಲ್ಲೂ ಸಾವಿರಾರು ಹುಡುಗಿಯರಿಗೆ ಈ ಸೂಜಿ ಹಾಕಿದರು. ಖಮ್ಮಂ ಈಗ ತೆಲಂಗಾಣಕ್ಕೆ ಸೇರಿದೆ. ಆಮೇಲೆ 7 ಹುಡುಗಿಯರು ಸತ್ತ ಸುದ್ದಿ ಬಂತು. 2010ರ ಏಪ್ರಿಲಿನಲ್ಲಿ ಸರ್ಕಾರ ಕೆಲಸ ನಿಲ್ಲಿಸಿತು. ವಿಚಾರಣೆ ನಡೆಯಿತು. ಒಬ್ಬಳು ನೀರಿಗೆ ಬಿದ್ದು ಸತ್ತಿದ್ದಳು. ಒಬ್ಬಳಿಗೆ ಹಾವು ಕಚ್ಚಿತ್ತು. ಕೀಟನಾಶಕ ಕುಡಿದು ಸತ್ತವರಿದ್ದರು. ಜ್ವರದಿಂದ ಸತ್ತವರಿದ್ದರು. ಈ ಸಾವುಗಳಿಗೆ ಸೂಜಿ ಕಾರಣ ಎಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ.

ಆದರೆ ಬೇರೆ ತಪ್ಪು ಕಂಡಿತು. ಅದು ಸಣ್ಣ ತಪ್ಪಲ್ಲ. 2013ರಲ್ಲಿ ಸಂಸತ್ತಿನ ಸಮಿತಿ ಅದನ್ನು ಬರೆಯಿತು. ಆಂಧ್ರದ 9,543 ಒಪ್ಪಿಗೆ ಕಾಗದಗಳಲ್ಲಿ 1,948ರಲ್ಲಿ ಹೆಬ್ಬೆಟ್ಟು ಇತ್ತು. 2,763ಕ್ಕೆ ಹಾಸ್ಟೆಲಿನ ವಾರ್ಡನ್‌ಗಳೇ ಸಹಿ ಹಾಕಿದ್ದರು. ಬುಡಕಟ್ಟಿನ ಬಡ ಹುಡುಗಿಯರು ಹಾಸ್ಟೆಲಿನಲ್ಲಿ. ತಾಯಿ ತಂದೆ ಊರಿನಲ್ಲಿ. ಅವರನ್ನು ಕೇಳಿದವರು ಯಾರು? ಹೆಬ್ಬೆಟ್ಟು ಒತ್ತಿದವರಿಗೆ ಕಾಗದ ಓದಿ ಹೇಳಿದವರು ಯಾರು? ಸೂಜಿ ಒಳ್ಳೆಯದೇ ಆಗಿರಲಿ. ಕೇಳದೆ ಹಾಕಿದರೆ ಜನ ಹೆದರುತ್ತಾರೆ. ಹೆದರಿದ್ದು ಅವರ ತಪ್ಪಲ್ಲ.

ಆಗಲೇ ದೇಶದ ಬೇರೆ ಊರುಗಳಲ್ಲಿ ಇನ್ನೊಂದು ಸಂಶೋಧನೆ ನಡೀತಿತ್ತು. ಅಲ್ಲೂ ಸೂಜಿ ಹಾಕೋದು ನಿಂತಿತು. ಎರಡು ಮೂರು ಸೂಜಿ ಆಗಬೇಕಿದ್ದ ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಸೂಜಿ ಆಗಿತ್ತು. ವೈದ್ಯರು ಅವರನ್ನು ಕೈಬಿಡಲಿಲ್ಲ. 10 ವರ್ಷ ನೋಡಿದರು. ಒಂದು ಸೂಜಿಯೂ ಎರಡು ಮೂರು ಸೂಜಿಯ ಹಾಗೇ ಕಾಪಾಡಿತ್ತು! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಸೂಜಿಯೂ ಸಾಕು ಎಂದಿತು. ಇದಕ್ಕೆ ನಮ್ಮ ದೇಶದ ಆ ಹುಡುಗಿಯರೂ ಕಾರಣ. ಎಚ್.ಐ.ವಿ. ಇದ್ದವರಿಗೆ ಹೆಚ್ಚು ಸೂಜಿ ಬೇಕು.

ಸಿಕ್ಕಿಂ ಗುಡ್ಡಗಾಡಿನ ಪುಟ್ಟ ರಾಜ್ಯ. 2018ರಲ್ಲಿ ಅಲ್ಲಿ ಶಾಲೆಗಳಲ್ಲಿ ಈ ಸೂಜಿ ಹಾಕಿದರು. 100 ಹುಡುಗಿಯರಲ್ಲಿ 95ಕ್ಕೂ ಹೆಚ್ಚು ಮಂದಿ ಹಾಕಿಸಿಕೊಂಡರು.

ನಿಮ್ಮ ಊರಿನಲ್ಲಿ ಯಾವ ವಯಸ್ಸಿನವರಿಗೆ, ಯಾವ ದಿನ, ಎಲ್ಲಿ ಹಾಕುತ್ತಾರೆ? ಆಶಾ ಅಕ್ಕನನ್ನು ಕೇಳಿ. ನರ್ಸಮ್ಮನನ್ನು ಕೇಳಿ. ಕಾಗದ ಕೈಗೆ ಬಂದಾಗ ಅವಸರ ಬೇಡ. ಮಗಳ ಹೆಸರು ಸರಿ ಇದೆಯಾ? ಲಸಿಕೆಯ ಹೆಸರು ಬರೆದಿದೆಯಾ? ತಿಳಿಯದ ಪದ ಇದ್ದರೆ ಬೆರಳಿಟ್ಟು ಕೇಳಿ. ಮಗಳಿಗೆ ಹಿಂದೆ ಯಾವುದಾದರೂ ಸೂಜಿ ಒಗ್ಗದೆ ಹೋಗಿದ್ದರೆ ತಪ್ಪದೆ ಹೇಳಿ. ಆಮೇಲೆ ಸಹಿ ಹಾಕಿ. ಮಗಳಿಗೂ ವಿಷಯ ತಿಳಿಸಿ. ಚುಚ್ಚೋದು ಅವಳ ತೋಳಿಗೆ ಅಲ್ವಾ?

ಆ ದಿನ ಅವಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬೇಡಿ. ಸೂಜಿ ಆದ ಮೇಲೆ 15 ನಿಮಿಷ ಕೂತಿರಬೇಕು. ಕೆಲವು ಹುಡುಗಿಯರಿಗೆ ತಲೆ ಸುತ್ತುತ್ತದೆ. ತೋಳು ನೋಯಬಹುದು, ಸ್ವಲ್ಪ ಜ್ವರ ಬರಬಹುದು. ಒಂದೆರಡು ದಿನದಲ್ಲಿ ಹೋಗುತ್ತದೆ.

“ನಮ್ಮ ವಯಸ್ಸು ಆಗಿಹೋಯ್ತಲ್ಲ, ನಮಗೇನು?” ಅಂತೀರಾ? 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಇದೆ. ವಿನಿಗರಿನಂಥ ಔಷಧಿ ಹಚ್ಚಿ ನೋಡುತ್ತಾರೆ. ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ಸೂಜಿ ಹಾಕಿಸಿಕೊಂಡ ಹುಡುಗಿಯೂ 30 ಆದ ಮೇಲೆ ತಪಾಸಣೆ ಮಾಡಿಸಬೇಕು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಕಂಡರೆ, ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಿ.

ಸೂಜಿಯ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಡಿ.

ನೀವೇ ಬರೆಯಿರಿ:
ಮಗಳ ಹೆಸರು ________
ಅವಳ ವಯಸ್ಸು ________
ಸೂಜಿ ಹಾಕಿಸಿದ ದಿನ ________
ನನ್ನ ತಪಾಸಣೆ ಆದ ದಿನ ________
ನನ್ನ ಸಹಿ ________