ಬಲ್ಕ್ ಮಿಲ್ಕ್ ಕೂಲರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿರುವ ಬಲ್ಕ್ ಮಿಲ್ಕ್ ಕೂಲರ್, ಊರವರ ಬಾಯಲ್ಲಿ ಬಿಎಂಸಿ, ಗಾಳಿಯಿಂದ ತಂಪಾಗುವ ಒಂದು ಚಿಲ್ಲರ್. ಒಳಗೆ ಎರಡು ಗೋಡೆಯ ಸ್ಟೀಲ್ ಟ್ಯಾಂಕ್. ಅದರ ತಳಕ್ಕೆ ಬೆಸೆದ ಹಾಳೆಯೊಳಗೆ ಗ್ಯಾಸ್ ಹರಿದು ಹಾಲಿನ ಬಿಸಿಯನ್ನು ಹೀರುತ್ತದೆ. ಹೊರಗೆ, ಗೋಡೆಯಾಚೆ, ಕಂಪ್ರೆಸರ್, ಕಂಡೆನ್ಸರ್ ಕಾಯಿಲ್ ಮತ್ತು ಫ್ಯಾನ್. ಹೀರಿದ ಬಿಸಿಯನ್ನು ಊರಿನ ಗಾಳಿಗೆ ಬಿಡುವುದು ಇವುಗಳ ಕೆಲಸ. 35 ಡಿಗ್ರಿಯಲ್ಲಿ ಬಂದ 1,000 ಲೀಟರ್ ಹಾಲನ್ನು 4 ಡಿಗ್ರಿಗೆ ಇಳಿಸಲು ಸುಮಾರು 35 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೊರಹಾಕಬೇಕು. ಅದನ್ನು ಮೂರು ಗಂಟೆಯಲ್ಲಿ ಮುಗಿಸಲು 3.3 ಟನ್ ಸಾಮರ್ಥ್ಯ ಬೇಕು. ಮೂರು ಗಂಟೆ ಯಾಕೆಂದರೆ, ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆಫೀಸಿನ ಎಸಿ ಒಂದು ದಿನ ಕೆಟ್ಟರೆ ಜನ ಬೆವರುತ್ತಾರೆ, ಅಷ್ಟೆ. ಬಿಎಂಸಿ ಒಂದು ರಾತ್ರಿ ಕೆಟ್ಟರೆ ಇನ್ನೂರು ಮನೆಗಳ ಸಂಜೆಯ ದುಡಿಮೆ ಹಳ್ಳಕ್ಕೆ ಹೋಗುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಹಾಲು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗಳ ಒಕ್ಕೂಟವಾದ ಶಿಮುಲ್‌ಗೆ ಸೇರುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಬಿಎಂಸಿ ರಿಪೇರಿ ಮಾಡಿಕೊಂಡು ಬಂದ ಈ ಬರಹಗಾರನ ಅನುಭವದಲ್ಲಿ, ಯಂತ್ರ ತಂಪು ಮಾಡುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಯಂತ್ರದ ಒಳಗಿರುವುದಿಲ್ಲ. ಮೊದಲು ಕರೆಂಟು, ಆಮೇಲೆ ಗಾಳಿ, ಆಮೇಲೆ ಗ್ಯಾಸ್, ಕಟ್ಟಕಡೆಗೆ ಕಂಪ್ರೆಸರ್. ಹುಡುಕಬೇಕಾದ ಕ್ರಮ ಇದು. ಈ ಕ್ರಮ ತಪ್ಪಿದ ಒಂದು ರಾತ್ರಿಯ ಕಥೆ ಮುಂದಿದೆ.

ಕರೆಂಟಿನಲ್ಲಿ ನೋಡಬೇಕಾದದ್ದು ಮೂರು. ಮೊದಲನೆಯದು ವೋಲ್ಟೇಜ್. ಮೂರು ಫೇಸುಗಳ ನಡುವೆ ಮೀಟರ್ ಹಿಡಿದಾಗ 415, 400, 385 ಬಂತೆಂದುಕೊಳ್ಳಿ. ಸರಾಸರಿ 400, ಅದರಿಂದ ಅತಿ ದೂರ ಇರುವುದು 15, ಅಂದರೆ ಶೇ 3.75 ಏರುಪೇರು. ಮೂರೂ ಅಂಕಿ ನೋಡಲು ಚೆನ್ನಾಗಿಯೇ ಇವೆ, ಆದರೆ ಶೇ 2 ದಾಟಿದ ಏರುಪೇರು ಮೋಟಾರಿಗೆ ಒಳ್ಳೆಯದಲ್ಲ. ವೋಲ್ಟೇಜಿನಲ್ಲಿ ಇಷ್ಟು ವ್ಯತ್ಯಾಸವಿದ್ದರೆ ಆಂಪಿಯರಿನಲ್ಲಿ ಅದರ ಹಲವು ಪಟ್ಟು ವ್ಯತ್ಯಾಸವಾಗಿ ಒಂದು ಸುರುಳಿ ಮಾತ್ರ ಬಿಸಿಯೇರುತ್ತದೆ. ಎರಡನೆಯದು ಕಾಂಟ್ಯಾಕ್ಟರ್. ಪ್ಯಾನೆಲ್ ಪೆಟ್ಟಿಗೆಯ ಬಿಸುಪನ್ನು ಹುಡುಕಿ ಬರುವ ಹಲ್ಲಿ ಕಾಂಟ್ಯಾಕ್ಟರಿನ ನಡುವೆ ಸಿಕ್ಕಿ ಸತ್ತು ಒಂದು ಫೇಸ್ ಕೂಡದೇ ಹೋದ ಪ್ರಕರಣಗಳು ಲೆಕ್ಕವಿಲ್ಲದಷ್ಟು. ಇರುವೆಯೂ ಅಷ್ಟೇ. ಪ್ಯಾನೆಲ್ಲಿಗೆ ಕೇಬಲ್ ಬರುವ ತೂತನ್ನು ಮುಚ್ಚಿದರೆ ಇದು ನಿಲ್ಲುತ್ತದೆ, ಯಾರೂ ಮುಚ್ಚುವುದಿಲ್ಲ.

ಮೂರನೆಯದು ಫೇಸುಗಳ ಸರದಿ. ಹಳೆಯ ಪಿಸ್ಟನ್ ಕಂಪ್ರೆಸರ್ ಯಾವ ಕಡೆ ತಿರುಗಿದರೂ ಗ್ಯಾಸ್ ಒತ್ತುತ್ತದೆ. ಈಗ ಹೆಚ್ಚಾಗಿ ಬರುವ ಸ್ಕ್ರಾಲ್ ಕಂಪ್ರೆಸರ್ ಹಾಗಲ್ಲ. ಎರಡು ಫೇಸ್ ಅದಲು ಬದಲಾದರೆ ಉಲ್ಟಾ ತಿರುಗುತ್ತದೆ, ಜೋರಾಗಿ ಸದ್ದು ಮಾಡುತ್ತದೆ, ಗ್ಯಾಸ್ ಒತ್ತುವುದಿಲ್ಲ, ಕೆಲವು ನಿಮಿಷಕ್ಕೆ ಒಳಗಿನ ಓವರ್‌ಲೋಡ್ ಬಿಟ್ಟು ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಶುರು. ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಬದಲಿಸಿದಾಗ, ಕಂಬದಲ್ಲಿ ಜಂಪರ್ ಕಟ್ಟಿದಾಗ, ಜನರೇಟರಿಗೆ ಹೊಸ ಕೇಬಲ್ ಎಳೆದಾಗ ಹೀಗಾಗುತ್ತದೆ. ಇದನ್ನು ತಡೆಯಲೆಂದೇ ಪ್ಯಾನೆಲ್ಲಿನಲ್ಲಿ ಒಂದು ರಿಲೇ ಇರುತ್ತದೆ. ಫೇಸ್ ಒಂದು ಹೋದರೂ, ಸರದಿ ತಪ್ಪಿದರೂ, ಏರುಪೇರು ಹೆಚ್ಚಾದರೂ ಅದು ಯಂತ್ರವನ್ನು ಶುರುವಾಗಗೊಡುವುದಿಲ್ಲ. ಹಳ್ಳಿಯ ಲೈನಿನಲ್ಲಿ ಅದು ಪದೇ ಪದೇ ಬೀಳುವುದರಿಂದ, ಒಂದು ತುಂಡು ವೈರಿನಿಂದ ಅದನ್ನು ಬೈಪಾಸ್ ಮಾಡುವುದು ಎಲ್ಲ ಕಡೆಯ ಚಾಳಿ.

ಮೊದಲು ಹೇಳಿದ ನಾಲ್ಕು ತಾಲ್ಲೂಕುಗಳಲ್ಲಿ ಒಂದರ ಹಾಲಿನ ಕೇಂದ್ರದಲ್ಲಿ ಏಪ್ರಿಲ್ ತಿಂಗಳ ಒಂದು ಸಂಜೆ ನಡೆದದ್ದು ಹೀಗೆ. ಊರಿನ ಟಿಸಿ ಸುಟ್ಟು ಎರಡು ದಿನವಾಗಿತ್ತು. ಮೂರನೆಯ ದಿನ ಸಂಜೆ ಐದಕ್ಕೆ ಬೇರೆ ಟಿಸಿ ಕೂರಿಸಿ ಲೈನ್ ಕೊಟ್ಟು ಹೋದರು. ಎರಡು ದಿನ ಜನರೇಟರಿನಲ್ಲಿ ಓಡಿದ ಬಿಎಂಸಿಯನ್ನು ಲೈನಿಗೆ ಹಾಕಿ ಸಂಘದವರು ನಿಟ್ಟುಸಿರು ಬಿಟ್ಟರು. ಹಾಲು ಬಂತು, 1,400 ಲೀಟರ್. ಎಂಟು ಗಂಟೆಗೆ ಟ್ಯಾಂಕಿನ ಮೀಟರ್ 31 ಡಿಗ್ರಿ ತೋರಿಸುತ್ತಿತ್ತು. ಒಂದು ಗಂಟೆಯಾದರೂ ಅಲ್ಲಾಡಲಿಲ್ಲ. ಫೋನ್ ಬಂದು, ಒಂಬತ್ತು ದಾಟಿದ ಮೇಲೆ ಈ ಬರಹಗಾರ ಬೈಕಿನಲ್ಲಿ ಅಲ್ಲಿಗೆ ಮುಟ್ಟಿದ.

ಕಂಪ್ರೆಸರ್ ಜಲ್ಲಿ ಅರೆದ ಹಾಗೆ ಸದ್ದು ಮಾಡುತ್ತಿತ್ತು. ಗೇಜ್ ಹಾಕಿದರೆ ಸಕ್ಷನ್ 150 ಪಿಎಸ್‌ಐ, ಡಿಸ್ಚಾರ್ಜ್ 160. ಆರ್-22 ಗ್ಯಾಸಿನ ಯಂತ್ರ ಓಡುತ್ತಿರುವಾಗ ಈ ಎರಡು ಅಂಕಿಗಳ ನಡುವೆ ಇನ್ನೂರರಷ್ಟು ಅಂತರವಿರಬೇಕು. ಅಂತರವಿಲ್ಲ ಎಂದರೆ ಕಂಪ್ರೆಸರ್ ಒತ್ತುತ್ತಿಲ್ಲ. ಅಲ್ಲಿಯವರೆಗೆ ತರ್ಕ ಸರಿಯಾಗಿಯೇ ಇತ್ತು. ಒತ್ತುತ್ತಿಲ್ಲ ಎಂದರೆ ಒಳಗಿನ ಸ್ಕ್ರಾಲ್ ಒಡೆದಿದೆ ಎಂದು ತೀರ್ಮಾನಿಸಿದ್ದು ತಪ್ಪು. ಹಾಲು ಪರೀಕ್ಷೆ ಮಾಡುವ ಹುಡುಗಿ ಫ್ಯಾನಿನ ಮುಂದೆ ನಿಂತು, "ಅಣ್ಣಾ, ದಿನಾ ಇಲ್ಲಿ ಬಿಸಿ ಗಾಳಿ ಮುಖಕ್ಕೆ ಹೊಡೀತಿತ್ತು, ಇವತ್ತು ಸೆರಗನ್ನೇ ಒಳಕ್ಕೆ ಎಳೀತೈತೆ" ಎಂದಳು. ಫ್ಯಾನ್ ಕೂಡ ಮೂರು ಫೇಸಿನದು. ಅದೂ ಉಲ್ಟಾ ತಿರುಗುತ್ತಿತ್ತು. ರೋಗವನ್ನು ಅವಳು ಹೆಸರೊಂದು ಬಿಟ್ಟು ಪೂರ್ತಿ ಹೇಳಿದ್ದಳು. "ನೀನು ಫ್ಯಾಟ್ ನೋಡ್ಕೋ ಹೋಗಮ್ಮ, ಇದನ್ನ ನಂಗೆ ಬಿಡು" ಎಂಬುದು ಅವಳಿಗೆ ಸಿಕ್ಕ ಉತ್ತರ. ಟ್ಯಾಂಕಿನೊಳಗೆ ಹಾಲು ಕಲಕುವ ಅಜಿಟೇಟರ್ ತಿರುಗುತ್ತಿರುವುದನ್ನು ನೋಡಿ ಕರೆಂಟು ಸರಿಯಿದೆ ಎಂದು ಮನಸ್ಸು ಮುಚ್ಚಿಕೊಂಡಿತ್ತು. ಅಜಿಟೇಟರ್ ಯಾವ ಕಡೆ ತಿರುಗಿದರೂ ಹಾಲು ಕಲಕುತ್ತದೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಹನ್ನೊಂದು ಗಂಟೆಗೆ, ಬೆಳಿಗ್ಗೆ ಹೊಸ ಕಂಪ್ರೆಸರ್ ಬಂದೊಡನೆ ಕೂರಿಸಲು ಸಮಯ ಉಳಿಯಲಿ ಎಂದು, ಇರುವ ಗ್ಯಾಸನ್ನು ಹೊರಕ್ಕೆ ಬಿಟ್ಟು ಪೈಪ್ ಕತ್ತರಿಸಲಾಯಿತು. ಆರ್-22 ಓಝೋನ್ ಪದರವನ್ನು ಕೆಡಿಸುವ ಅನಿಲ. ಸಿಲಿಂಡರಿಗೆ ಇಳಿಸಿಕೊಳ್ಳಬೇಕಾದದ್ದನ್ನು ಬಯಲಿಗೆ ಬಿಟ್ಟದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಸರಿಯಿದ್ದ ಯಂತ್ರವನ್ನು ಕೈಯಾರೆ ನಿಷ್ಪ್ರಯೋಜಕ ಮಾಡಿದ್ದು. ಆಮೇಲೆ ಹಾಲನ್ನು ಕ್ಯಾನುಗಳಿಗೆ ತುಂಬಿ ದನ ನೀರು ಕುಡಿಯುವ ಸಿಮೆಂಟ್ ತೊಟ್ಟಿಯಲ್ಲಿ ಇಳಿಬಿಟ್ಟರು. ತೊಟ್ಟಿಯ ನೀರೇ 28 ಡಿಗ್ರಿ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಟೆಸ್ಟ್ ಟ್ಯೂಬಿನಲ್ಲಿ ಹಾಲು ಕಾಯಿಸಿದಾಗ ಒಡೆಯಿತು. ಇನ್ನೊಂದು ಕ್ಯಾನಿನದು ಕಾಯಿಸಿದರು, ಅದೂ ಒಡೆಯಿತು. ಕಾರ್ಯದರ್ಶಿ ಮೂರನೆಯದನ್ನು ಕಾಯಿಸಲಿಲ್ಲ. ಬೆಳಗಿನ ಹಾಲು ತಂದ ಹೆಂಗಸರು ಗೇಟಿನ ಬಳಿ ಸಾಲಾಗಿ ನಿಂತಿರುವಾಗಲೇ, ಹಿಂದಿನ ಸಂಜೆ ಅವರೇ ಹಾಕಿದ ಹಾಲನ್ನು ಕಟ್ಟಡದ ಹಿಂದಿನ ಗುಂಡಿಗೆ ಸುರಿಯಲಾಯಿತು. ಯಾರೂ ಬೈಯಲಿಲ್ಲ. ಒಬ್ಬ ಮುದುಕಿ ಮಾತ್ರ ತನ್ನ ಪಾಸ್‌ಬುಕ್ ತೆಗೆದು, ಬರೆದದ್ದನ್ನು ಹೊಡೆದು ಹಾಕುತ್ತೀರಾ ಎಂದು ಕೇಳಿದಳು.

ಏಳು ಗಂಟೆಗೆ ಎದುರಿನ ಹಿಟ್ಟಿನ ಗಿರಣಿಯವನು ಬಂದು ತನ್ನ ಮೋಟಾರ್ ಉಲ್ಟಾ ತಿರುಗುತ್ತಿದೆ, ಎರಡು ವೈರ್ ಅದಲು ಬದಲು ಮಾಡಿಕೊಡಿ ಎಂದ. ಅಲ್ಲಿಗೆ ಎಲ್ಲ ಗೊತ್ತಾಯಿತು. ಬಿಎಂಸಿಯಲ್ಲೂ ಬೇಕಿದ್ದದ್ದು ಐದು ನಿಮಿಷದ ಅದೇ ಕೆಲಸ. ಆದರೆ ಕತ್ತರಿಸಿದ ಪೈಪ್ ಬೆಸೆದು, ನೈಟ್ರೋಜನ್ ತುಂಬಿ ಸೋರಿಕೆ ನೋಡಿ, ವ್ಯಾಕ್ಯೂಮ್ ಮಾಡಿ, ಹೊಸ ಗ್ಯಾಸ್ ತುಂಬುವಷ್ಟರಲ್ಲಿ ಸಂಜೆಯಾಯಿತು. ಟಿಸಿ ಬದಲಿಸಿದವರು ಫೇಸ್ ಸರದಿ ನೋಡದೆ ಲೈನ್ ಕೊಟ್ಟದ್ದನ್ನು ವಿದ್ಯುತ್ ಕಚೇರಿಯಲ್ಲಿ ಹೇಳಿದಾಗ, ಒಳಗಿನ ಮೋಟಾರ್ ಯಾವ ಕಡೆ ತಿರುಗುತ್ತದೆಂದು ನೋಡಿಕೊಳ್ಳುವುದು ಗ್ರಾಹಕರ ಕೆಲಸ ಎಂದರು. ಹಾಲಿನ ಕೇಂದ್ರ ಇರುವ ಊರಿನಲ್ಲಿ ಸರದಿ ತೋರಿಸುವ ಒಂದು ಚಿಕ್ಕ ಮೀಟರನ್ನು ಕಂಬದ ಬುಡದಲ್ಲಿ ಹಿಡಿದು ನೋಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಯಾರ ಕೆಲಸವೂ ಅಲ್ಲ ಎಂಬ ಉತ್ತರವನ್ನು ಈ ಬರಹಗಾರ ಇವತ್ತಿಗೂ ಒಪ್ಪುವುದಿಲ್ಲ. ಆದರೆ ಆ ಪ್ಯಾನೆಲ್ಲಿನ ರಿಲೇ ಕೆಲಸ ಮಾಡಿದ್ದರೆ ಕಂಪ್ರೆಸರ್ ಶುರುವಾಗುತ್ತಲೇ ಇರಲಿಲ್ಲ, ಕೆಂಪು ದೀಪವೇ ಕಾರಣ ಹೇಳುತ್ತಿತ್ತು. ಅದಕ್ಕೆ ಬೈಪಾಸ್ ವೈರ್ ಬಿಗಿದಿತ್ತು. ಎರಡು ವರ್ಷದ ಹಿಂದೆ, ದಿನಕ್ಕೆ ಮೂರು ಸಲ ಟ್ರಿಪ್ ಆಗುತ್ತದೆಂದು ಕಾರ್ಯದರ್ಶಿ ಗೋಳಾಡಿದಾಗ, ಆ ವೈರನ್ನು ಬಿಗಿದವನು ಈ ಬರಹಗಾರನೇ.

ಕರೆಂಟು ಸರಿಯಿದೆ ಎಂದು ಖಾತ್ರಿಯಾದ ಮೇಲೆ ಗಾಳಿ. ಕಂಡೆನ್ಸರಿನಲ್ಲಿ ಗ್ಯಾಸ್ ದ್ರವವಾಗುವ ಉಷ್ಣಾಂಶ ಹೊರಗಿನ ಗಾಳಿಗಿಂತ ಸುಮಾರು 15 ಡಿಗ್ರಿ ಹೆಚ್ಚಿರುತ್ತದೆ. ಹಿರಿಯೂರಿನ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಎಂದರೆ 53. ಆರ್-22ರಲ್ಲಿ ಅದು ಗೇಜಿನ ಮೇಲೆ 285ರ ಆಸುಪಾಸು. ಅದೇ ಕಾಯಿಲ್ ದೂಳು ಹಿಡಿದಿದ್ದರೆ 340 ದಾಟಿ, ಒತ್ತಡ ಮಿತಿ ಮೀರಿದಾಗ ಯಂತ್ರ ನಿಲ್ಲಿಸುವ ಎಚ್‌ಪಿ ಕಟೌಟ್ ಬೀಳುತ್ತದೆ. ರಾತ್ರಿ ಸರಿಯಾಗಿ ಓಡಿ ಮಧ್ಯಾಹ್ನ ಬೀಳುವ ಯಂತ್ರದ ರೋಗ ಬಹುಪಾಲು ಇದೇ. ಕಟೌಟಿನ ಮಿತಿಯನ್ನು ತಿರುವಿ ಮೇಲಕ್ಕೆ ಏರಿಸುವುದು ಮದ್ದಲ್ಲ.

ದೂಳು ಊರಿಂದ ಊರಿಗೆ ಬೇರೆ. ಚಿತ್ರದುರ್ಗ, ಹೊಳಲ್ಕೆರೆ ಕಡೆ ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ಹಗುರವಾದ ಹೊಟ್ಟು ತೇಲಿ ಬಂದು ಕಾಯಿಲ್ ಮೇಲೆ ಕಂಬಳಿಯಂತೆ ಕೂರುತ್ತದೆ. ಮೆತ್ತನೆಯ ಬ್ರಷ್ಷಿಗೆ ಬರುತ್ತದೆ. ಹೊಸದುರ್ಗದ ತೆಂಗಿನ ನಾರಿನ ಪುಡಿ ಫಿನ್ನುಗಳ ಒಳಕ್ಕೆ ಇಳಿಯುತ್ತದೆ. ಬ್ರಷ್ ಸಾಲದು, ಒಳಗಿನಿಂದ ಹೊರಕ್ಕೆ ಗಾಳಿ ಊದಬೇಕು. ಭೀಮಸಮುದ್ರದ ಸುತ್ತ ಅದಿರು ಲಾರಿಗಳ ಕೆಂಪು ದೂಳು ಮಂಜಿಗೆ ಒದ್ದೆಯಾಗಿ ಗಾರೆಯಾಗುತ್ತದೆ. ಅದಕ್ಕೆ ನೀರೇ ಬೇಕು. ನೀರನ್ನೂ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಫಿನ್ನಿಗೆ ನೇರವಾಗಿ ಬಿಡಬೇಕು. ಓರೆಯಾಗಿ ಜೋರು ನೀರು ಬಿಟ್ಟರೆ ಫಿನ್ ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ. ಬೋರ್‌ವೆಲ್ಲಿನ ಗಡಸು ನೀರನ್ನು ಬಿಸಿ ಕಾಯಿಲ್ ಮೇಲೆ ಸುರಿದರೆ ಬಿಳಿ ಪೊರೆ ಕಟ್ಟುತ್ತದೆ. ಬೇಸಿಗೆಯಲ್ಲಿ ತಂಪಾಗಲೆಂದು ದಿನಾ ನೀರು ಎರಚುವ ಕೇಂದ್ರಗಳಲ್ಲಿ ಎರಡು ಮೂರು ವರ್ಷಕ್ಕೆ ಕಾಯಿಲ್ಲೇ ಬದಲಿಸಬೇಕಾಗಿ ಬಂದಿದೆ.

ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿ ಪ್ರೆಶರ್ ಏರಲು ಇನ್ನೊಂದು ಕಾರಣ. ಅದು ನೈರುತ್ಯ, ಪಶ್ಚಿಮದಿಂದ ಬೀಸುತ್ತದೆ. ಫ್ಯಾನಿನ ಬಾಯಿ ಆ ಕಡೆಗಿದ್ದರೆ ಹೊರಹೋಗಬೇಕಾದ ಬಿಸಿ ಗಾಳಿ ವಾಪಸು ಒಳಕ್ಕೆ ಬರುತ್ತದೆ. ಹವೆ ತಂಪಾಗಿದ್ದರೂ ಪ್ರೆಶರ್ ಏರುತ್ತಿದೆ ಎಂದು ಗ್ಯಾಸ್ ತೆಗೆದವರಿದ್ದಾರೆ. ಯೂನಿಟ್ಟನ್ನು ತಿರುಗಿಸಿ ಕೂರಿಸಿದ್ದರೆ ಸಾಕಿತ್ತು. ಕಳ್ಳರ ಭಯಕ್ಕೆ ಸುತ್ತ ತಗಡಿನ ಗೂಡು ಕಟ್ಟಿದಾಗಲೂ ಇದೇ ಗತಿ. ತಗಡಿನ ಬದಲು ಜಾಲರಿ ಹಾಕಬೇಕು. ಗಾಳಿಯ ಪರೀಕ್ಷೆಗೆ ಉಪಕರಣ ಬೇಡ. ಒಂದು ಹಾಳೆ ಕಾಗದವನ್ನು ಕಾಯಿಲ್ಲಿಗೆ ಹಿಡಿದರೆ ಅದು ಅಂಟಿ ನಿಲ್ಲಬೇಕು. ಜಾರಿ ಬಿದ್ದರೆ ಗಾಳಿ ಸಾಲದು, ಹಾರಿ ಬಂದರೆ ಫ್ಯಾನ್ ಉಲ್ಟಾ.

ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ, ಸೋರಿದ ಕಡೆ ಎಣ್ಣೆಯ ಜಿಡ್ಡು ಇರುತ್ತದೆ. ಫ್ಲೇರ್ ನಟ್ಟುಗಳಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಬರುತ್ತದೆ. ಸೋರಿಕೆ ಮುಚ್ಚದೆ ವರ್ಷಕ್ಕೆರಡು ಸಲ ಗ್ಯಾಸ್ ಹೊಡೆಸುವ ಸಂಘಗಳು ಆ ದುಡ್ಡಿನಲ್ಲಿ ಹೊಸ ಪೈಪ್ ಎಳೆಸಬಹುದಿತ್ತು. ಸಕ್ಷನ್ ಕಡಿಮೆ, ಸೈಟ್ ಗ್ಲಾಸಿನಲ್ಲಿ ಗುಳ್ಳೆ, ಇಷ್ಟು ಕಂಡ ಮಾತ್ರಕ್ಕೆ ಸಿಲಿಂಡರ್ ತೆರೆಯಬಾರದು. ಡ್ರೈಯರಿನ ಎರಡು ತುದಿಯನ್ನು ಕೈಯಿಂದ ಮುಟ್ಟಿ ನೋಡಬೇಕು. ಒಂದು ತುದಿ ಬೆಚ್ಚಗೆ, ಇನ್ನೊಂದು ತಣ್ಣಗಿದ್ದರೆ ಡ್ರೈಯರ್ ಕಟ್ಟಿದೆ, ಗ್ಯಾಸ್ ಇದೆ. ಡಿಸ್ಚಾರ್ಜ್ ಹೆಚ್ಚಿದ್ದು ಕಾಯಿಲ್ ಶುಚಿಯಾಗಿದ್ದರೆ ಒಳಗೆ ಹವೆ ಸೇರಿರಬಹುದು. ಕಂಪ್ರೆಸರ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ, ಕಾಯಿಲ್ ಹೊರಗಿನ ಉಷ್ಣಾಂಶಕ್ಕೆ ಬಂದಾಗ ಗೇಜ್ ನೋಡಬೇಕು. 30 ಡಿಗ್ರಿಯಲ್ಲಿ ಆರ್-22 ಸುಮಾರು 158 ತೋರಿಸಬೇಕು; 185 ತೋರಿಸಿದರೆ ಒಳಗಿರುವುದು ಬರೀ ಗ್ಯಾಸ್ ಅಲ್ಲ. ಆರ್-404ಎ ಬಳಸುವ ಯಂತ್ರಗಳಿಗೆ ಈ ಅಂಕಿಗಳು ಹೊಂದುವುದಿಲ್ಲ. ಅದು ಮೂರು ಅನಿಲಗಳ ಮಿಶ್ರಣ, ಸಿಲಿಂಡರಿನಿಂದ ದ್ರವವಾಗಿಯೇ ತುಂಬಬೇಕು.

ಅಜಿಟೇಟರ್ ನಿಂತರೆ ಯಂತ್ರದ ಬಾಕಿ ಎಲ್ಲ ಸರಿಯಿದ್ದೂ ಹಾಲು ಕೆಡುತ್ತದೆ. ತಳದಲ್ಲಿ ಹಾಲು ಮಂಜುಗಟ್ಟಿ, ಮೇಲೆ ಬೆಚ್ಚಗೆ ಉಳಿದು, ತಳದ ಸೆನ್ಸರ್ ಮಾತ್ರ 4 ಡಿಗ್ರಿ ಎನ್ನುತ್ತದೆ. ಹೀಗಾಗಿ ಟ್ಯಾಂಕಿನ ಮೀಟರ್ ಜೊತೆಗೆ ದಿನಕ್ಕೊಮ್ಮೆ ಕೈ ಥರ್ಮಾಮೀಟರ್ ಇಳಿಸಿ ನೋಡುವುದು ಕಡ್ಡಾಯವಾಗಬೇಕು. ಅಜಿಟೇಟರಿನ ಎಲೆಗಳು ಮುಳುಗುವಷ್ಟು ಹಾಲು ಬರುವ ಮುಂಚೆ ಕೂಲಿಂಗ್ ಹಾಕಿದರೂ ಇದೇ ತೊಂದರೆ.

ಯಂತ್ರ ನಿಂತು, ಟ್ಯಾಂಕಿನಲ್ಲಿ ಹಾಲಿದ್ದಾಗ ರಿಪೇರಿಗಿಂತ ಮುಂಚೆ ಹಾಲಿನ ದಾರಿ ನೋಡಬೇಕು. ಬೇಸಿಗೆಯಲ್ಲಿ ಅದಕ್ಕಿರುವ ಸಮಯ ಎರಡು ಗಂಟೆ. ಅಷ್ಟರಲ್ಲಿ ಕಾರಣ ಸಿಗದಿದ್ದರೆ ಕ್ಯಾನುಗಳಿಗೆ ತುಂಬಿ ಹತ್ತಿರದ ಇನ್ನೊಂದು ಬಿಎಂಸಿಗೆ ಸಾಗಿಸಬೇಕು. ಅಲ್ಲಿನ ಕಾರ್ಯದರ್ಶಿಯ ನಂಬರ್ ಪ್ಯಾನೆಲ್ಲಿನ ಬಾಗಿಲಿನ ಮೇಲೆ ಬರೆದಿರಬೇಕು. ಆ ಏಪ್ರಿಲ್ ರಾತ್ರಿ ಒಂಬತ್ತು ಕಿಲೋಮೀಟರ್ ದೂರದ ಊರಿನ ಕೇಂದ್ರದಲ್ಲಿ ಯಂತ್ರ ಓಡುತ್ತಿತ್ತು, ಟ್ಯಾಂಕ್ ಅರ್ಧ ಖಾಲಿ ಇತ್ತು.